ರಮೋನ್ಸ್ ತಂಡದ ಕೊನೆಯ ಸ್ಟುಡಿಯೋ ಆಲ್ಬಮ್ ‘ಅದಿಯೋಸ್ ಅಮಿಗೋಸ್’: ಇದನ್ನು ಅವರ ಮುಖ್ಯ ಕೃತಿಗಳ ಸಾಲಿನಲ್ಲಿ ಇಡಬಹುದೇ?

ಪ್ರಶ್ನೆ
ಬರೆದವರು: ಮೂರುಸ್ವರ

ನ್ಯೂಯಾರ್ಕಿನ ಪಂಕ್ ರಾಕ್ ತಂಡವಾದ ರಮೋನ್ಸ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ 1976ರಿಂದ 1978ರವರೆಗೆ ಬಂದ ಮೊದಲ ನಾಲ್ಕು ಆಲ್ಬಮ್‌ಗಳನ್ನು ಹೊಗಳಿ, ಫಿಲ್ ಸ್ಪೆಕ್ಟರ್ ನಿರ್ಮಿಸಿದ 1980ರ ಆಲ್ಬಮ್ಮಿನ ಬಗ್ಗೆ ಒಂದೆರಡು ಮಾತು ಸೇರಿಸಿ, ಅಲ್ಲಿಂದ ನೇರವಾಗಿ ಸದಸ್ಯರ ಸಾವಿನ ವಿಷಯಕ್ಕೆ ಬಂದುಬಿಡುತ್ತಾರೆ. ಆಮೇಲಿನ ಹದಿನೈದು ವರ್ಷ ಈ ತಂಡ ಊರೂರು ಸುತ್ತಿ ಹಳೆಯ ಹಾಡುಗಳನ್ನೇ ನುಡಿಸುತ್ತಿತ್ತು ಎಂಬ ಭಾವನೆ ಓದುಗರಲ್ಲಿ ಉಳಿಯುತ್ತದೆ. ನಾನು ಈ ಚಿತ್ರಣವನ್ನು ಒಪ್ಪಲಾರೆ. ಅದಕ್ಕೆ ಮುಖ್ಯ ಕಾರಣ 1995ರ ಜುಲೈ 18ರಂದು ಬಿಡುಗಡೆಯಾದ ಅವರ ಹದಿನಾಲ್ಕನೆಯ ಹಾಗೂ ಕೊನೆಯ ಸ್ಟುಡಿಯೋ ಆಲ್ಬಮ್ ‘ಅದಿಯೋಸ್ ಅಮಿಗೋಸ್’. ಇದನ್ನು ನಾನು ಬಹಳ ಇಷ್ಟಪಟ್ಟು ಕೇಳುತ್ತೇನೆ.

ಆದರೂ ಕೆಲವು ಸಂದೇಹಗಳು ಬಗೆಹರಿಯುತ್ತಿಲ್ಲ. ಮೊದಲ ಆಲ್ಬಮ್ಮಿನಲ್ಲಿ ನುಡಿಸಿದ ನಾಲ್ವರ ಪೈಕಿ ಈ ಹೊತ್ತಿಗೆ ತಂಡದಲ್ಲಿ ಉಳಿದಿದ್ದವರು ಗಾಯಕ ಜೋಯಿ ಮತ್ತು ಗಿಟಾರ್ ನುಡಿಸುವ ಜಾನಿ ಇಬ್ಬರೇ. ಡ್ರಮ್ಸ್ ಮಾರ್ಕಿಯವರದು. ಬೇಸ್ ಗಿಟಾರ್ ಹಿಡಿದವರು 1989ರಲ್ಲಿ ಡೀ ಡೀ ಬಿಟ್ಟುಹೋದ ಮೇಲೆ ಸೇರಿಕೊಂಡ ಸಿ.ಜೆ. ಹದಿಮೂರು ಹಾಡುಗಳಲ್ಲಿ ನಾಲ್ಕನ್ನು ಜೋಯಿ ಬದಲು ಈ ಸಿ.ಜೆ. ಹಾಡಿದ್ದಾರೆ. ಎರಡು ಹಾಡುಗಳು ಪೂರ್ತಿಯಾಗಿ ಹೊರಗಿನವರ ರಚನೆಗಳು, ಅವುಗಳಲ್ಲೊಂದು ಆಲ್ಬಮ್ಮಿನ ಮೊದಲ ಹಾಡೇ ಆಗಿದೆ. ಇಪ್ಪತ್ತೊಂದು ವರ್ಷ ಜೊತೆಗಿದ್ದ ತಂಡವೊಂದು ತನ್ನ ಅಭಿಮಾನಿಗಳನ್ನು ಬೀಳ್ಕೊಡುವಾಗ ಮೊದಲ ಮಾತನ್ನೇ ಅಮೆರಿಕದ ಗಾಯಕ ಟಾಮ್ ವೇಟ್ಸ್ ಅವರಿಂದ ಎರವಲು ತಂದದ್ದೇಕೆ? ಜೋಯಿಯ ಧ್ವನಿಯಿಲ್ಲದ ಹಾಡು ರಮೋನ್ಸ್ ಹಾಡು ಹೇಗಾಗುತ್ತದೆ? ಕೊನೆಯದು ಎಂಬ ಕಾರಣಕ್ಕೆ ನಾವು ಈ ಆಲ್ಬಮ್ಮಿಗೆ ಹೆಚ್ಚು ಅಂಕ ಕೊಡುತ್ತಿದ್ದೇವೆಯೇ, ಅಥವಾ ಅದರ ಯೋಗ್ಯತೆಯೇ ಅಷ್ಟಿದೆಯೇ? ಹಾಡುಗಳನ್ನು ಗಮನವಿಟ್ಟು ಕೇಳಿರುವವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ
ಬರೆದವರು: ಬೆಳ್ಳಿತಂತಿ

ಮೂರುಸ್ವರ ಅವರೇ, ನಿಮ್ಮ ಸಂದೇಹಗಳಿಗೆಲ್ಲ ಒಂದೇ ಕಡೆ ಉತ್ತರವಿದೆ ಎಂದು ನನಗನ್ನಿಸುತ್ತದೆ. ಯಾರು ನುಡಿಸಿದರು, ಯಾರು ಹಾಡಿದರು ಎಂಬುದನ್ನು ಸ್ವಲ್ಪ ಬದಿಗಿಟ್ಟು, ಹಾಡುಗಳನ್ನು ಬರೆದವರು ಯಾರು ಎಂದು ನೋಡಿ. ಹದಿಮೂರರಲ್ಲಿ ಆರು ಹಾಡುಗಳು ಡೀ ಡೀ ಅವರವು. ಐದನ್ನು ಅವರು ಆಲ್ಬಮ್ಮಿನ ನಿರ್ಮಾಪಕ ಡೇನಿಯಲ್ ರೇ ಜೊತೆ ಬರೆದಿದ್ದಾರೆ, ಆರನೆಯದನ್ನು ಇನ್ನೊಬ್ಬ ಸಹಲೇಖಕರ ಜೊತೆ. ಜೋಯಿ ಬರೆದದ್ದು ಎರಡು, ಸಿ.ಜೆ. ಬರೆದದ್ದು ಎರಡು, ಮಾರ್ಕಿಯವರ ಪಾಲು ಒಂದು. ಅಂದರೆ ಆರು ವರ್ಷ ಹಿಂದೆಯೇ ತಂಡ ಬಿಟ್ಟುಹೋದ ವ್ಯಕ್ತಿಯೇ ಆ ತಂಡದ ವಿದಾಯದ ಆಲ್ಬಮ್ಮಿನ ಮುಖ್ಯ ಲೇಖಕ. ಇಂಥ ಇನ್ನೊಂದು ಉದಾಹರಣೆ ರಾಕ್ ಸಂಗೀತದಲ್ಲಿ ನನಗೆ ಸುಲಭವಾಗಿ ನೆನಪಾಗುತ್ತಿಲ್ಲ.

ಡೀ ಡೀ ಹೊರಟುಹೋದದ್ದು 1989ರಲ್ಲಾದರೂ ಅವರ ಲೇಖನಿಯನ್ನು ತಂಡ ಬಿಡಲಿಲ್ಲ. 1992ರ ‘ಮೊಂಡೋ ಬಿಜಾರೋ’ ಆಲ್ಬಮ್ಮಿನ ಅತ್ಯುತ್ತಮ ಹಾಡಾದ ‘ಪಾಯ್ಸನ್ ಹಾರ್ಟ್’ ಅವರದೇ ರಚನೆ. ಈ ಕೊನೆಯ ಆಲ್ಬಮ್ಮಿಗೆ ಬಂದಾಗ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಡೀ ಡೀ ತಮ್ಮದೇ ಆಲ್ಬಮ್‌ಗಳಲ್ಲಿ ಆಗಲೇ ಹಾಡಿದ್ದ ಹಾಡುಗಳನ್ನು ಮರಳಿ ಮನೆಗೆ ತಂದಿತು. ‘ಮೇಕಿನ್ ಮಾನ್‌ಸ್ಟರ್ಸ್ ಫಾರ್ ಮೈ ಫ್ರೆಂಡ್ಸ್’ ಮತ್ತು ‘ಇಟ್ಸ್ ನಾಟ್ ಫಾರ್ ಮಿ ಟು ನೋ’ ಎರಡೂ ಡೀ ಡೀ ಅವರ 1994ರ ಆಲ್ಬಮ್ಮಿನಲ್ಲಿದ್ದವು. ‘ದಿ ಕ್ರಶರ್’ ಹಾಡಿನ ಮೂಲ ಇನ್ನೂ ವಿಚಿತ್ರವಾದದ್ದು. ಡೀ ಡೀ 1989ರಲ್ಲಿ ‘ಡೀ ಡೀ ಕಿಂಗ್’ ಎಂಬ ಹೆಸರಿಟ್ಟುಕೊಂಡು ಒಂದು ರ‍್ಯಾಪ್ ಆಲ್ಬಮ್ ಮಾಡಿದ್ದರು, ಆಗ ಅದನ್ನು ಗಂಭೀರವಾಗಿ ತೆಗೆದುಕೊಂಡವರು ಬಹಳ ಕಡಿಮೆ. ಈ ಹಾಡು ಅದರಲ್ಲಿತ್ತು. ಎಲ್ಲರೂ ತಳ್ಳಿಹಾಕಿದ ಆಲ್ಬಮ್ಮಿನಿಂದ ಒಂದು ಹಾಡನ್ನು ಹೆಕ್ಕಿ, ಅದಕ್ಕೆ ಜಾನಿಯ ಗಿಟಾರ್ ಜೋಡಿಸಿದಾಗ ಅದು ತಂಡದ ಹಳೆಯ ಹಾಡುಗಳ ಪಕ್ಕದಲ್ಲಿ ನಿಲ್ಲುವಂತಾಯಿತು ಎಂಬುದು ಈ ಆಲ್ಬಮ್ಮಿನ ದೊಡ್ಡ ಸಾಧನೆಗಳಲ್ಲಿ ಒಂದೆಂದು ನಾನು ತಿಳಿಯುತ್ತೇನೆ.

ಈಗ ಸಿ.ಜೆ. ಹಾಡಿದ ವಿಷಯ. ಅವರು ಹಾಡಿದ ನಾಲ್ಕರಲ್ಲಿ ಮೂರು ಡೀ ಡೀ ಬರೆದವು, ಒಂದು ಅವರದೇ ಆದ ‘ಸ್ಕ್ಯಾಟರ್‌ಗನ್’. ಬೇಸ್ ನುಡಿಸುವವರು ಒರಟಾದ ಹಾಡುಗಳನ್ನು ಹಾಡುವ ಪದ್ಧತಿ ತಂಡದಲ್ಲಿ ಮೊದಲೇ ಇತ್ತು. 1984ರ ‘ಟೂ ಟಫ್ ಟು ಡೈ’ ಆಲ್ಬಮ್ಮಿನಲ್ಲಿ ‘ವಾರ್ಟ್‌ಹಾಗ್’ ಹಾಡನ್ನು ಡೀ ಡೀ ಸ್ವತಃ ಹಾಡಿದ್ದಾರೆ. ವೇದಿಕೆಯ ಮೇಲೆ ಪ್ರತಿ ಹಾಡಿಗೂ ಮುನ್ನ ಒಂದು, ಎರಡು, ಮೂರು, ನಾಲ್ಕು ಎಂದು ಕೂಗಿ ತಾಳ ಹಿಡಿಸುತ್ತಿದ್ದವರೂ ಡೀ ಡೀ, ಅವರ ಬಳಿಕ ಸಿ.ಜೆ. ಹೀಗೆ ಆ ಸ್ಥಾನಕ್ಕೆ ಸಲ್ಲಬೇಕಾದ ಕೆಲಸವನ್ನೇ ಸಿ.ಜೆ. ಮಾಡಿದರು. ಅಮೆರಿಕದ ಮರೀನ್ ಪಡೆಯಲ್ಲಿದ್ದು ಬಂದ, ಉಳಿದವರಿಗಿಂತ ಸುಮಾರು ಹದಿನಾಲ್ಕು ವರ್ಷ ಚಿಕ್ಕವರಾದ ಆ ಯುವಕನ ಗಂಟಲಿನಲ್ಲಿದ್ದ ಹುರುಪು ಈ ಆಲ್ಬಮ್ಮಿಗೆ ಬೇಕಿತ್ತು. ಜೋಯಿಯ ಹಾಡುಗಳು ಅದರ ಎದುರು ಇನ್ನಷ್ಟು ಮೃದುವಾಗಿ, ಇನ್ನಷ್ಟು ಆಪ್ತವಾಗಿ ಕೇಳಿಸುತ್ತವೆ.

ಉತ್ತರ
ಬರೆದವರು: ಸ್ಪ್ರೀತೀರ

ನಾನು ಬರ್ಲಿನ್ ನಗರದಲ್ಲಿ ನೆಲೆಸಿರುವ ಕನ್ನಡಿಗ. ಆದ್ದರಿಂದ ಆಲ್ಬಮ್ಮಿನ ಕೊನೆಯ ಹಾಡು ‘ಬಾರ್ನ್ ಟು ಡೈ ಇನ್ ಬರ್ಲಿನ್’ ಬಗ್ಗೆ ನಾನೇ ಬರೆಯಬೇಕೆನ್ನಿಸಿತು. ಡೀ ಡೀ ಅವರ ತಂದೆ ಅಮೆರಿಕದ ಸೈನಿಕ, ತಾಯಿ ಜರ್ಮನ್. ಬಾಲ್ಯದ ಬಹುಭಾಗವನ್ನು ಅವರು ಜರ್ಮನಿಯಲ್ಲೇ ಕಳೆದು, ಹದಿಹರೆಯದಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫಾರೆಸ್ಟ್ ಹಿಲ್ಸ್‌ಗೆ ಬಂದರು. ಎರಡನೆಯ ಮಹಾಯುದ್ಧ ಉಳಿಸಿಹೋದ ಅವಶೇಷಗಳ ನಡುವೆ ಬೆಳೆದ ಹುಡುಗನ ನೆನಪುಗಳು ತಂಡದ ಮೊದಲ ಆಲ್ಬಮ್ಮಿನಲ್ಲೇ ಕಾಣಿಸಿಕೊಂಡಿದ್ದವು, ಕೊನೆಯ ಹಾಡಿನಲ್ಲಿ ಅವು ಪೂರ್ತಿಯಾಗಿ ಹೊರಬಂದವು.

ಈ ಹಾಡನ್ನು ಜೋಯಿ ಇಂಗ್ಲಿಷಿನಲ್ಲಿ ಹಾಡುತ್ತಿರುವಾಗ ನಡುವೆ ಒಂದು ಕಡೆ ಜರ್ಮನ್ ಭಾಷೆಯ ಸಾಲುಗಳು ಬರುತ್ತವೆ. ಅದು ಡೀ ಡೀ ಅವರದೇ ಧ್ವನಿ, ದೂರವಾಣಿಯ ಮೂಲಕ ಹಾಡಿಸಿ ಮುದ್ರಿಸಿಕೊಂಡದ್ದು. ದೂರವಾಣಿಯ ತಂತಿ ಧ್ವನಿಯ ಕೆಳಗಿನ ಹಾಗೂ ಮೇಲಿನ ಸ್ತರಗಳನ್ನು ಕತ್ತರಿಸಿಹಾಕುವುದರಿಂದ ನಡುವಿನ ಸ್ತರ ಮಾತ್ರ ಉಳಿದು, ಗಿಟಾರಿನ ದಟ್ಟ ನಾದದ ನಡುವೆಯೂ ಆ ಧ್ವನಿ ತೆಳ್ಳಗೆ, ಸ್ಪಷ್ಟವಾಗಿ ಕೇಳುತ್ತದೆ. ಇದನ್ನು ನಾಟಕೀಯ ಪರಿಣಾಮಕ್ಕಾಗಿ ಯೋಚಿಸಿ ಮಾಡಿರಲಿ, ಅನುಕೂಲಕ್ಕಾಗಿಯೇ ಮಾಡಿರಲಿ, ಫಲ ಒಂದೇ: ರಮೋನ್ಸ್ ಸ್ಟುಡಿಯೋದಲ್ಲಿ ಮುದ್ರಿಸಿದ ಕೊನೆಯ ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ, ತಂಡಕ್ಕೆ ಹೆಸರು ಕೊಟ್ಟ ಮನುಷ್ಯ ದೂರದಿಂದ ಬಂದು ಸೇರಿಕೊಂಡರು. (ಪಾಲ್ ಮೆಕಾರ್ಟ್ನಿ ಒಂದು ಕಾಲಕ್ಕೆ ಬಳಸುತ್ತಿದ್ದ ‘ಪಾಲ್ ರಮೋನ್’ ಎಂಬ ಹೆಸರಿನಿಂದ ಸ್ಫೂರ್ತಿ ಪಡೆದು ಮೊದಲು ಆ ಹೆಸರನ್ನು ಇಟ್ಟುಕೊಂಡವರು ಡೀ ಡೀ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.)

ಬೆಳ್ಳಿತಂತಿ ಅವರು ಆರು ಹಾಡುಗಳ ಲೆಕ್ಕ ಕೊಟ್ಟಿದ್ದಾರೆ. ಅದಕ್ಕೆ ನಾನು ಏಳನೆಯ ಹಾಡಿನ ನಂಟನ್ನೂ ಸೇರಿಸುತ್ತೇನೆ. ‘ಐ ಲವ್ ಯೂ’ ಎಂಬುದು ಜಾನಿ ಥಂಡರ್ಸ್ ಅವರ ರಚನೆ, ಅವರ ಹಾರ್ಟ್‌ಬ್ರೇಕರ್ಸ್ ತಂಡ 1977ರಲ್ಲಿ ಹಾಡಿದ್ದು. ಡೀ ಡೀ ಬರೆದ ‘ಚೈನೀಸ್ ರಾಕ್ಸ್’ ಹಾಡನ್ನು ಮಾದಕವಸ್ತುವಿನ ಪ್ರಸ್ತಾಪವಿದೆ ಎಂಬ ಕಾರಣಕ್ಕೆ ರಮೋನ್ಸ್ ಆಗ ಬೇಡವೆಂದಾಗ ಅದು ಸೇರಿದ್ದು ಇದೇ ಥಂಡರ್ಸ್ ತಂಡವನ್ನು. ಥಂಡರ್ಸ್ 1991ರಲ್ಲಿ ತೀರಿಕೊಂಡರು. ನಾಲ್ಕು ವರ್ಷಗಳ ಮೇಲೆ ಅವರ ಸರಳವಾದ ಪ್ರೇಮಗೀತೆಯೊಂದನ್ನು ಜೋಯಿ ಹಾಡಿದಾಗ, ಬೋವರಿ ಬೀದಿಯ ಸಿಬಿಜಿಬಿ ಕ್ಲಬ್ಬಿನ ಸುತ್ತ ಒಟ್ಟಿಗೆ ಬೆಳೆದವರಲ್ಲಿ ಇಲ್ಲದವರನ್ನೂ ತಂಡ ನೆನೆದಂತಾಯಿತು. ಹಾಗಾಗಿ ಹೊರಗಿನವರ ಹಾಡು ಎಂದು ಇದನ್ನು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಉತ್ತರ
ಬರೆದವರು: ಹಳೆಯತಟ್ಟೆ

ಮೇಲಿನ ಇಬ್ಬರ ವಿವರಗಳು ಬೆಲೆಯುಳ್ಳವು. ಆದರೆ ಹಾಡುಗಳ ಹಿಂದಿನ ಕಥೆ ಎಷ್ಟೇ ಹೃದಯಸ್ಪರ್ಶಿಯಾಗಿದ್ದರೂ, ಕಿವಿಗೆ ಬಿದ್ದದ್ದನ್ನೇ ನಾವು ತೂಗಬೇಕು. ಆ ದೃಷ್ಟಿಯಿಂದ ನನ್ನ ಅಭಿಪ್ರಾಯ ಸ್ವಲ್ಪ ಬೇರೆ.

1976ರ ಮೊದಲ ಆಲ್ಬಮ್ಮನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದವರಿಗೆ ಗೊತ್ತು: ಬೇಸ್ ಒಂದು ಕಿವಿಯಲ್ಲಿ, ಗಿಟಾರ್ ಇನ್ನೊಂದು ಕಿವಿಯಲ್ಲಿ, ನಡುವೆ ಜೋಯಿ. ಸುಮಾರು 6,400 ಡಾಲರ್ ಖರ್ಚಿನಲ್ಲಿ ಮುಗಿಸಿದ ಆ ಧ್ವನಿಮುದ್ರಣದಲ್ಲಿ ಮುಚ್ಚಿಡಲು ಏನೂ ಇರಲಿಲ್ಲ. ಜಾನಿ ಕೈಯನ್ನು ಮೇಲಕ್ಕೆಳೆದು ನುಡಿಸದೆ ಪ್ರತಿಯೊಂದು ಮೀಟನ್ನೂ ಕೆಳಮುಖವಾಗಿಯೇ ಹಾಕುತ್ತಿದ್ದರಿಂದ ಹುಟ್ಟುತ್ತಿದ್ದ ಸಮನಾದ, ಬಿಗಿಯಾದ ಒತ್ತು ಒಂದೊಂದಾಗಿ ಎಣಿಸುವಷ್ಟು ಬಿಡಿಬಿಡಿಯಾಗಿ ಕೇಳುತ್ತಿತ್ತು. 1995ರ ಆಲ್ಬಮ್ಮಿನಲ್ಲಿ ಗಿಟಾರಿನ ನಾದ ಬಹಳ ದಟ್ಟವಾಗಿದೆ, ಬೇಸ್ ಅದರೊಳಗೆ ಬೆರೆತುಹೋಗಿದೆ. ಶಕ್ತಿಯೇನೋ ಹೆಚ್ಚಿದೆ, ಆದರೆ ಆ ಬಿಗಿಯ ಒಳರಚನೆ ಮರೆಯಾಗಿದೆ. ‘ಹ್ಯಾವ್ ಎ ನೈಸ್ ಡೇ’ ಮತ್ತು ‘ಗಾಟ್ ಎ ಲಾಟ್ ಟು ಸೇ’ ಎರಡೂ ಸಾಧಾರಣ ಹಾಡುಗಳು, ಅವುಗಳ ಜಾಗದಲ್ಲಿ ಆ ವರ್ಷದ ಬೇರೆ ಯಾವ ಪಂಕ್ ತಂಡದ ಹಾಡಿದ್ದರೂ ನಡೆಯುತ್ತಿತ್ತು. 1980ರ ನಂತರದ ಆಲ್ಬಮ್‌ಗಳಲ್ಲಿ ಒಂದನ್ನೇ ಆರಿಸಬೇಕೆಂದರೆ, ತಂಡದ ಮೊದಲ ಡ್ರಮ್ಮರ್ ಟಾಮಿ ಮತ್ತು ಎಡ್ ಸ್ಟೇಸಿಯಮ್ ನಿರ್ಮಿಸಿದ ‘ಟೂ ಟಫ್ ಟು ಡೈ’ ಕಡೆಗೇ ನಾನು ಕೈತೋರಿಸುತ್ತೇನೆ.

ಇದನ್ನು ಹೇಳಿದ ಮೇಲೆ, ಈ ಆಲ್ಬಮ್ ಬಂದ ಕಾಲವನ್ನೂ ಮರೆಯಬಾರದು. 1994ರಲ್ಲಿ ಗ್ರೀನ್ ಡೇ ತಂಡದ ‘ಡೂಕಿ’ ಮತ್ತು ಆಫ್‌ಸ್ಪ್ರಿಂಗ್ ತಂಡದ ‘ಸ್ಮ್ಯಾಶ್’ ಲಕ್ಷಗಟ್ಟಲೆ ಮಾರಾಟವಾದವು. ಎರಡೂವರೆ ನಿಮಿಷದ ಹಾಡು, ಮೂರು ಸ್ವರಮೇಳ, ಬಾಯಿಗೆ ಬರುವ ಪಲ್ಲವಿ ಎಂಬ ಸೂತ್ರವನ್ನು ಕಟ್ಟಿಕೊಟ್ಟವರಿಗೆ ಮಾತ್ರ ಆ ಭಾಗ್ಯ ಬರಲಿಲ್ಲ. ರಮೋನ್ಸ್ ತಂಡದ ಮೊದಲ ಆಲ್ಬಮ್ಮಿಗೆ ಅಮೆರಿಕದಲ್ಲಿ ಮಾರಾಟದ ಲೆಕ್ಕದ ಮೇಲೆ ಕೊಡುವ ಚಿನ್ನದ ಮನ್ನಣೆ ಸಿಕ್ಕಿದ್ದು 2014ರಲ್ಲಿ, ಬಿಡುಗಡೆಯಾದ ಮೂವತ್ತೆಂಟು ವರ್ಷಗಳ ಮೇಲೆ. ತಮ್ಮ ದಾರಿಯಲ್ಲಿ ನಡೆದವರು ಮುಂದೆ ಹೋಗುತ್ತಿರುವಾಗ, ಅವರನ್ನು ಅನುಕರಿಸದೆ, ಅವರ ಮೇಲೆ ಕಹಿಯನ್ನೂ ಕಾರದೆ, ತಮಗೆ ಬರುವುದನ್ನೇ ಇನ್ನೊಮ್ಮೆ ಮಾಡಿ ಎದ್ದುಹೋದ ಈ ತಂಡದ ಘನತೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಸ್ವದೇಶದಲ್ಲಿ ದೊರೆಯದ ಪ್ರೀತಿ ಅವರಿಗೆ ದಕ್ಷಿಣ ಅಮೆರಿಕದಲ್ಲಿ ದೊರೆಯಿತು. 1996ರ ಮಾರ್ಚ್ 16ರಂದು ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಅವರು ನುಡಿಸಿದರು. ನ್ಯೂಯಾರ್ಕಿನಲ್ಲಿ ಅವರಿಗೆ ಅಂಥ ಜಾಗ ಯಾರೂ ಕೊಟ್ಟಿರಲಿಲ್ಲ. ಗೌರವ ಬೇರೆ, ಆಲ್ಬಮ್ಮಿನ ಮೌಲ್ಯಮಾಪನ ಬೇರೆ ಎಂಬುದಷ್ಟೇ ನನ್ನ ವಾದ.

ಉತ್ತರ
ಬರೆದವರು: ಬೆಳ್ಳಿತಂತಿ

ಹಳೆಯತಟ್ಟೆ ಅವರೇ, ಆ ಎರಡು ಹಾಡುಗಳ ಬಗ್ಗೆ ನಿಮ್ಮೊಡನೆ ಜಗಳವಿಲ್ಲ. ನಾದದ ದಟ್ಟತೆಯ ಬಗ್ಗೆ ಮಾತ್ರ ನನ್ನದು ಬೇರೆ ಅನುಭವ. ಅದು ಜೋಯಿಯ ಧ್ವನಿಗೆ ಬೇಕಾಗಿತ್ತು. ಇಪ್ಪತ್ತರ ಹರೆಯದ ಜೋಯಿ ಮೂಗಿನಿಂದ ಚಿಮ್ಮಿಸುತ್ತಿದ್ದ ಹರಿತವಾದ ಧ್ವನಿ ನಲವತ್ತು ದಾಟಿದ ಮೇಲೆ ತಗ್ಗಿ, ಅಗಲವಾಗಿ, ಸ್ವಲ್ಪ ಒಡೆದಿತ್ತು. ತೆಳ್ಳಗಿನ ಗಿಟಾರಿನ ಪಕ್ಕದಲ್ಲಿ ಆ ಧ್ವನಿ ಬಳಲಿದಂತೆ ಕೇಳುತ್ತಿತ್ತು. ದಟ್ಟವಾದ ಗಿಟಾರಿನ ಮೇಲೆ ಅದು ನಿಂತುಕೊಳ್ಳುತ್ತದೆ.

ಮೂರುಸ್ವರ ಅವರು ಕೇಳಿದ ಮೊದಲ ಹಾಡಿನ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ‘ಐ ಡೋಂಟ್ ವಾಂಟ್ ಟು ಗ್ರೋ ಅಪ್’ ಟಾಮ್ ವೇಟ್ಸ್ ಮತ್ತು ಕ್ಯಾಥ್ಲೀನ್ ಬ್ರೆನನ್ ಸೇರಿ ಬರೆದದ್ದು, 1992ರ ‘ಬೋನ್ ಮಷೀನ್’ ಆಲ್ಬಮ್ಮಿನಲ್ಲಿದೆ. ಅಲ್ಲಿ ಅದು ಒರಟಾದ, ಸವೆದ ಗಂಟಲಿನ, ಬಹುಮಟ್ಟಿಗೆ ಒಂಟಿ ಹಾಡು. ದೊಡ್ಡವರ ಲೋಕವನ್ನು ನೋಡಿ ಬೇಡವೆನ್ನುವ ಮಗುವಿನ ಮಾತನ್ನು ವಯಸ್ಸಾದ ಧ್ವನಿ ಆಡುವುದರಲ್ಲೇ ಅದರ ಜೀವವಿದೆ. ರಮೋನ್ಸ್ ಇಡೀ ಬಾಳಿನಲ್ಲಿ ಹಾಡಿದ್ದು ಈ ವಿಷಯವನ್ನೇ: ಶಾಲೆ, ಬೇಸರ, ಕಾಮಿಕ್ಸ್, ಕೆಲಸಕ್ಕೆ ಬಾರದ ಮಧ್ಯಾಹ್ನಗಳು. ಅದೇ ಚರ್ಮದ ಜಾಕೆಟ್, ಅದೇ ಹರಿದ ಜೀನ್ಸ್ ತೊಟ್ಟು ಎರಡು ದಶಕ ಬೆಳೆಯಲು ಒಪ್ಪದೆ ನಿಂತವರು, ನಿಲ್ಲಿಸುವ ಹೊತ್ತಿನಲ್ಲಿ ಈ ಹಾಡನ್ನು ಮೊದಲಿಗಿಟ್ಟರು. ವೇಗ ಹೆಚ್ಚಿಸಿ, ಪೂರ್ತಿ ತಂಡದೊಡನೆ ನುಡಿಸಿದಾಗ ಮೂಲದ ಒಂಟಿತನ ಹೋಗಿ ಒಂದು ಬಗೆಯ ಹಟ ಬಂದಿತು. ಈ ಹಾಡನ್ನು ತಾವೇ ಬರೆಯಬೇಕಿತ್ತು ಎನ್ನುವಷ್ಟು ಅದು ಅವರಿಗೆ ಹೊಂದುತ್ತದೆ. ವೇಟ್ಸ್ ಕೂಡ ಈ ಗೌರವವನ್ನು ಹಿಂದಿರುಗಿಸಿದ್ದಾರೆ: 2003ರಲ್ಲಿ ಹೊರಬಂದ ರಮೋನ್ಸ್ ಗೌರವ ಸಂಕಲನದಲ್ಲಿ ಅವರು ‘ದಿ ರಿಟರ್ನ್ ಆಫ್ ಜಾಕಿ ಅಂಡ್ ಜೂಡಿ’ ಹಾಡಿದ್ದಾರೆ.

ಇನ್ನು ಜೋಯಿ ಬರೆದ ಎರಡು ಹಾಡುಗಳನ್ನು ಈ ಚರ್ಚೆಯಲ್ಲಿ ಯಾರೂ ಮುಟ್ಟಿಲ್ಲ. ನನ್ನ ಮಟ್ಟಿಗೆ ಆಲ್ಬಮ್ಮಿನ ಹೃದಯ ಅಲ್ಲಿದೆ. ‘ಲೈಫ್ಸ್ ಎ ಗ್ಯಾಸ್’ ಹಾಡಿನಲ್ಲಿ ಸಾಹಿತ್ಯ ಎನ್ನುವುದು ಕೆಲವೇ ಮಾತು. ಬದುಕು ಸೊಗಸಾಗಿದೆ, ನಾನು ಹೋದೆನೆಂದು ದುಃಖಿಸಬೇಡಿ ಎಂಬ ಅರ್ಥದ ಆ ಮಾತುಗಳನ್ನೇ ಅವರು ಮತ್ತೆ ಮತ್ತೆ ಹೇಳುತ್ತಾರೆ. ‘ಶೀ ಟಾಕ್ಸ್ ಟು ರೇನ್‌ಬೋಸ್’ ಅವರು ಬಾಲ್ಯದಿಂದ ಪ್ರೀತಿಸಿದ 60ರ ದಶಕದ ಹುಡುಗಿಯರ ತಂಡಗಳ ಹಾಡಿನ ಜಾಡಿನಲ್ಲಿದೆ. 1980ರಲ್ಲಿ ರಾನೆಟ್ಸ್ ತಂಡದ ಹಾಡೊಂದನ್ನು ಫಿಲ್ ಸ್ಪೆಕ್ಟರ್ ಕೈಕೆಳಗೆ ಹಾಡಿದ್ದ ಜೋಯಿ, 1999ರಲ್ಲಿ ಅದೇ ರಾನೆಟ್ಸ್‌ನ ರಾನಿ ಸ್ಪೆಕ್ಟರ್ ಅವರಿಂದ ತಮ್ಮ ಈ ಹಾಡನ್ನು ಹಾಡಿಸಿ, ಡೇನಿಯಲ್ ರೇ ಜೊತೆಗೂಡಿ ಆ ಧ್ವನಿಮುದ್ರಣವನ್ನು ತಾವೇ ನಿರ್ಮಿಸಿದರು. ಚಿಕ್ಕಂದಿನಲ್ಲಿ ರೇಡಿಯೋದಲ್ಲಿ ಕೇಳಿ ಮೆಚ್ಚಿದ ಗಾಯಕಿ ತಾನು ಬರೆದ ಹಾಡನ್ನು ಹಾಡುವುದನ್ನು ಕಾಣುವುದಕ್ಕಿಂತ ದೊಡ್ಡ ಪ್ರಶಸ್ತಿ ಒಬ್ಬ ಗೀತಕಾರನಿಗೆ ಯಾವುದಿದೆ?

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಜೋಯಿ 2001ರ ಏಪ್ರಿಲ್ 15ರಂದು ಲಿಂಫೋಮಾ ಎಂಬ ಕ್ಯಾನ್ಸರ್ ಕಾಯಿಲೆಯಿಂದ ತೀರಿಕೊಂಡರು, ಮರುವರ್ಷ ಡೀ ಡೀ, 2004ರಲ್ಲಿ ಜಾನಿ. ಇದು ನಮಗೆ ತಿಳಿದಿರುವುದರಿಂದ ‘ಲೈಫ್ಸ್ ಎ ಗ್ಯಾಸ್’ ಹಾಡನ್ನು ಸಾವಿನ ಮುನ್ಸೂಚನೆಯೆಂದು ಓದುವ ಆಸೆ ಸಹಜವಾಗಿ ಹುಟ್ಟುತ್ತದೆ. ಹಾಗೆ ಓದಿದರೆ ಹಾಡಿಗೆ ಅನ್ಯಾಯವಾಗುತ್ತದೆ. ಅದು ಉಲ್ಲಾಸದ ಹಾಡು. ಒಂದೇ ವ್ಯಾನಿನಲ್ಲಿ ಕುಳಿತು ವರ್ಷಗಟ್ಟಲೆ ಜಾನಿಯೊಡನೆ ಮಾತು ಬಿಟ್ಟಿದ್ದ, ರಾಜಕೀಯದಿಂದ ಹಿಡಿದು ಮನೆಯ ವಿಷಯದವರೆಗೆ ಯಾವುದರಲ್ಲೂ ಅವರೊಡನೆ ಹೊಂದದಿದ್ದ ಮನುಷ್ಯ, ಅವರದೇ ಗಿಟಾರಿನ ಮೇಲೆ ಬದುಕು ಸೊಗಸಾಗಿದೆಯೆಂದು ಹಾಡಿದರು, ಆ ಗಿಟಾರೂ ಅವರನ್ನು ಒಂದು ಮಾತ್ರೆಯೂ ತಪ್ಪದೆ ಹೊತ್ತು ನಡೆಯಿತು. ಜೋಯಿಯ ಧ್ವನಿ ಮತ್ತು ಜಾನಿಯ ಕೈ ಕೊನೆಯವರೆಗೂ ಪರಸ್ಪರ ನಂಬಿದ್ದವು ಎಂಬುದಕ್ಕೆ ಈ ಒಂದು ಹಾಡೇ ಸಾಕು. ಇದು ರಮೋನ್ಸ್ ಆಲ್ಬಮ್ ಹೌದೋ ಅಲ್ಲವೋ ಎಂಬ ಪ್ರಶ್ನೆ ನನಗೆ ಎಂದೂ ಏಳದಿರುವುದು ಇದರಿಂದಲೇ.

ಪ್ರತಿಕ್ರಿಯೆ
ಬರೆದವರು: ಮೂರುಸ್ವರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಲೇಖಕರ ಹೆಸರುಗಳನ್ನು ಮುಂದಿಟ್ಟುಕೊಂಡು ಆಲ್ಬಮ್ಮನ್ನು ಮತ್ತೆ ಕೇಳಿದಾಗ, ಡೀ ಡೀ ಬರೆದು ಜೋಯಿ ಹಾಡಿದ ‘ಟೇಕ್ ದ ಪೇನ್ ಅವೇ’ ಬೇರೆಯೇ ಹಾಡಿನಂತೆ ಕೇಳಿಸಿತು. ಹಳೆಯತಟ್ಟೆ ಅವರ ಮಾತಿಗೆ ಒಂದು ಆಕ್ಷೇಪವಿದೆ: ‘ಟೂ ಟಫ್ ಟು ಡೈ’ ಹೆಚ್ಚು ಬಿಗಿಯಾದ ಆಲ್ಬಮ್ ಎಂಬುದು ನಿಜವಾದರೂ, ಅದರಲ್ಲಿ ಜೋಯಿಯ ಯಾವ ಹಾಡೂ ‘ಶೀ ಟಾಕ್ಸ್ ಟು ರೇನ್‌ಬೋಸ್’ ಮಟ್ಟದ್ದಲ್ಲ. ಅದಕ್ಕಾಗಿ ನಾನು ಕೊನೆಯ ಆಲ್ಬಮ್ಮಿನ ಪಕ್ಷವನ್ನೇ ವಹಿಸುತ್ತೇನೆ. ಇನ್ನೊಂದು ವಿಷಯ: ಸಿ.ಡಿ. ಕೊಳ್ಳಬೇಕೆಂದಿದ್ದೇನೆ. ಬೇರೆ ಬೇರೆ ದೇಶಗಳ ಆವೃತ್ತಿಗಳಲ್ಲಿ ಹಾಡುಗಳು ವ್ಯತ್ಯಾಸವಾಗುತ್ತವೆಯೇ?

ಉತ್ತರ
ಬರೆದವರು: ಸ್ಪ್ರೀತೀರ

ಹೌದು, ವ್ಯತ್ಯಾಸವಿದೆ. ಅಮೆರಿಕದ ಆವೃತ್ತಿಯಲ್ಲಿ ಹದಿಮೂರನೆಯ ಹಾಡು ಮುಗಿದ ಮೇಲೆ, ಪಟ್ಟಿಯಲ್ಲಿ ಹೆಸರಿಲ್ಲದ ಒಂದು ಹಾಡು ಬರುತ್ತದೆ. ಅದು ‘ಸ್ಪೈಡರ್ ಮ್ಯಾನ್’ ಕಾರ್ಟೂನ್ ಧಾರಾವಾಹಿಯ ಶೀರ್ಷಿಕೆ ಗೀತೆ. ಜಪಾನಿನ ಆವೃತ್ತಿಯಲ್ಲಿ ಹೆಚ್ಚುವರಿಯಾಗಿ, ಮೋಟರ್‌ಹೆಡ್ ತಂಡ 1991ರಲ್ಲಿ ರಮೋನ್ಸ್ ಬಗ್ಗೆಯೇ ಬರೆದಿದ್ದ ಹಾಡನ್ನು ಸಿ.ಜೆ. ಹಾಡಿದ್ದಾರೆ. ಡೀ ಡೀ ಅವರ ಜರ್ಮನ್ ಸಾಲುಗಳ ಬೆನ್ನಿಗೇ ಕಾರ್ಟೂನ್ ಗೀತೆ ಬರುವುದು ನನಗೆ ಒಗ್ಗುವುದಿಲ್ಲ. ಮೋಟರ್‌ಹೆಡ್ ಹಾಡು ಮಾತ್ರ ಕೇಳಲೇಬೇಕಾದದ್ದು. 1996ರ ಆಗಸ್ಟ್ 6ರಂದು ಹಾಲಿವುಡ್‌ನ ಪ್ಯಾಲೇಸ್ ರಂಗಮಂದಿರದಲ್ಲಿ ತಂಡ ತನ್ನ 2,263ನೆಯ ಹಾಗೂ ಕೊನೆಯ ಕಾರ್ಯಕ್ರಮ ಕೊಟ್ಟಾಗ, ಮೋಟರ್‌ಹೆಡ್‌ನ ಲೆಮ್ಮಿ ಕೂಡ ವೇದಿಕೆ ಹತ್ತಿದ್ದರು. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ಜಪಾನಿನದನ್ನು ಹುಡುಕಿ.